ಮಂದಿ

ವಾಲ್ವ್ ಬಿಡೂ ಚಮನಸಾಬ ಕಟಕಟಿಯೊಳಗ ನಿಂತು
ಟೋಪಿ ತಗದು ಬಗಲಾಗ ಇಟಗೊಂಡು ಹೇಳಿದ:
"ಮಂದಿ ಕೂಡಿತ್ತರಿ, ಸಾಹೇಬ್ರ."

ಇಷ್ಟ.
ಟೈಪ್ ಮಾಡೂ ನನ್ನ ಬೆರಳು ಅಲ್ಲೇ ನಿಂತವು.

ಪೊಲೀಸರ ಕಾಗದದಾಗ ಮೊದಲ ಬರದಿತ್ತು, ಮಾಬ್ ಅಂತ.
ಹನ್ನೊಂದು ಹೆಣ್ಮಕ್ಳು, ಹದಿನೇಳು ಖಾಲಿ ಕೊಡ,
ಹಳೇಹುಬ್ಬಳ್ಳಿ ದಾರಿಗೆ ಅಡ್ಡ,
ಹನ್ನೆರಡು ದಿನ ನೀರು ಕಾಣದ ಒಂದು ಮುಂಜಾನೆ.
ಮಾಬ್.
ತುಟಿ ಮುಚ್ಚಿ, ತೆರದು, ಮತ್ತ ಮುಚ್ಚೂ ಶಬ್ದ.
ಒಳಗ ಯಾರದಾರ ಅಂತ ಕಾಣಸೂದಿಲ್ಲ.

ಸರಕಾರಿ ವಕೀಲರು ಎದ್ದು ಅಸೆಂಬ್ಲಿ ಅಂದ್ರು,
ಮುಂದೊಂದು ಕೆಟ್ಟ ವಿಶೇಷಣ ಹಚ್ಚಿ.
ಐದು ಮಂದಿ ಇದ್ರ ಸಾಕಂತ, ಉದ್ದೇಶ ಒಂದಾಗಿದ್ರ.
ಉಡಿ ತುಂಬಲಿಕ್ಕೆ ಐದು ಮಂದಿ ಬೇಕು ನಮ್ಮಲ್ಲೆ.
ಹೆಣಕ್ಕ ನಾಕು ಹೆಗಲು,
ಬೆಂಕಿ ಮಡಕಿ ಹಿಡದಾಂವ ಐದನೇದಾಂವ.
ಉದ್ದೇಶ ಒಂದ.

ನನ್ನ ಅಸೆಂಬ್ಲಿ ರೈಲ್ವೆ ಸಾಲಿ ಬಯಲಾಗಿತ್ತು.
ಮುಂದಿನಾಕಿ ಜಡಿ ನೋಡ್ಕೋತ ಹೇಳಿದ ಪ್ರಾರ್ಥನಾ,
ಯಾರೋ ತೂಕಡಿಸಿ ಬಿದ್ರ
ನೂರಾ ಎಂಬತ್ತು ಹುಡುಗ್ಯಾರು ಕೂಡಿ ನಕ್ಕ ನಗು.
ಗ್ಯಾದರಿಂಗ್ ಅಂದ್ರ ಕಡ ತಂದ ಇಳಕಲ್ ಸೀರಿ,
ತುಟಿಗೆ ಹಚ್ಚಿದ ಕುಂಕುಮ, ನಡುವ ಕೆಟ್ಟ ಮೈಕು.
ಅದು ಇಂಗ್ಲಿಷ್ ಅಂತ ಅವ್ವಗ ಕಡೀತನ ಗೊತ್ತಾಗಲಿಲ್ಲ.

ಗ್ಯಾಂಗ್ ಅಂದ್ರ ಅಪ್ಪ.
ಕುಸುಗಲ್ಲ ಕಡೆ ಹಳಿ ಮ್ಯಾಲೆ, ಗ್ಯಾಂಗ್ ನಂಬರ್ ಹದಿನಾಲ್ಕು:
ಗಡಿಗೆಪ್ಪ, ದಾವಲಸಾಬ, ಜೇಸುದಾಸ,
ನಮ್ಮಪ್ಪ ಯಮನೂರಪ್ಪ, ಇನ್ನೂ ಮೂರು ಮಂದಿ.
ಸಂಬಳದ ದಿನ ಒಂದ ಪೇಪರಿನ್ಯಾಗ ಗಿರಮಿಟ್ಟು,
ಏಳು ಕೈ, ಒಂದ ಉಳ್ಳಾಗಡ್ಡಿ.
ಒಂಬತ್ತು ವರ್ಷದಾಕಿ ಇದ್ದಾಗ
ಅಂಥದ ಎಣ್ಣಿ ಪೇಪರಿನ್ಯಾಗ ಓದಿದೆ:
ಗ್ಯಾಂಗ್ ಸಿಕ್ಕಿಬಿತ್ತು, ಮಾಲು ಜಪ್ತಿ.
ಅಪ್ಪ ಬರೂತನ ಬಾಗಲ ಬಿಟ್ಟು ಏಳಲಿಲ್ಲ ನಾನು.
ಪೇಪರು ಹಿತ್ತಲದಾಗ ಹುಗದಿದ್ದೆ.
ಇನ್ನೂ ಯಾರಿಗೂ ಹೇಳಿಲ್ಲ.

"ಮಂದಿ ಅಂದ್ರೆ?"
ಸಾಹೇಬ್ರು ಕರಾವಳಿಯವ್ರು, ಹೊಸಬರು,
ನನ್ನ ಕಡೆ ನೋಡಿದ್ರು.
ಏನು ಹೇಳ್ಲಿ.
ಮಂದಿ ಏನಂತಾರು ಅಂತ ಅವ್ವ ಬೈಯುವಾಗ ಮಂದಿ ಬ್ಯಾರೇದವ್ರು.
ನಮ್ಮ ಮಂದಿ ಅಂತ ಅದ ಅವ್ವ
ಅಡವಿಟ್ಟು ತಂದ ರೊಕ್ಕ ಕೊಟ್ಟಾಗ ಮಂದಿ ನಾವ.
ಇಂಗ್ಲಿಷಿನ್ಯಾಗ ಇವಕ್ಕ ಬ್ಯಾರೆ ಬ್ಯಾರೆ ಪೆಟ್ಟಿಗಿ ಅದಾವ,
ನಮ್ಮ ಕೋರ್ಟಿನ್ಯಾಗ ಮಾತ್ರ ಆ ಪೆಟ್ಟಿಗಿಗೆ ಕೀಲೀನೂ ಅದ.

"ಎಷ್ಟು ಮಂದಿ ಇದ್ರು? ಲೆಕ್ಕಾ ಹೇಳು,"
ಅಂದ್ರು ವಕೀಲರು.
"ನಾ ನೀರು ಬಿಡಾಂವ್ರಿ.
ಕೊಡ ಎಣಸ್ತೇನಿ, ಮಂದಿ ಎಣಸೂದಿಲ್ಲ."
ಹಿಂದಿನ ಬಾಕಿನ ಮ್ಯಾಲೆ
ಹನ್ನೊಂದು ಸೆರಗು ಬಾಯಿಗೆ ಹೋದವು.
ಗಪ್ಪ ಕೂಡ್ರಿ, ಅಂದ ಪಟ್ಟೇವಾಲ, ತಾನೂ ನಕ್ಕೋತ.

ಸಾಹೇಬ್ರು ಪೆನ್ನಿನ ಟೊಪ್ಪಿಗಿ ಹಾಕಿದ್ರು, ತಗದ್ರು.
"ಪೀಪಲ್ ಅಂತ ಬರೀರಿ."
ಬರದೆ.
ಹಿಂದ ಮುಂದ ಏನೂ ಇಲ್ಲದ ಶಬ್ದ,
ಖಾಲಿ ಕೊಡಧಾಂಗ ಹಗರು.
ಅಪ್ಪಗ ಇದ್ದಿದ್ರ ತೋರಸ್ತಿದ್ದೆ.

ಮುಂದಿನ ತಾರೀಖು ಜೂನ್ ಇಪ್ಪತ್ತೆರಡು.

ಆ ರಾತ್ರಿ ನಮ್ಮ ಓಣಿಗೆ ನೀರು, ನಸುಕಿನ್ಯಾಗ ಮೂರಕ್ಕ.
ನಾ ಹೋಗೂದ್ರಾಗ ಕೊಡ ಕೂಡಿಬಿಟ್ಟಿದ್ವು,
ಒಂದು ಹಿತ್ತಾಳಿ, ಉಳದವು ಪ್ಲಾಸ್ಟಿಕ್, ಒಂದಕ್ಕ ಕಂಠ ಇಲ್ಲ,
ಯಾರೂ ಇಲ್ಲದ ದಾರ್ಯಾಗ ಪಾಳೆ ಹಚ್ಚಿ.
ಐದು ಯಾವಾಗೋ ದಾಟಿತ್ತು.
ನಂದೂ ಇಟ್ಟೆ.
ಕಟ್ಟಿ ಕಟ್ಟಿ ಮ್ಯಾಲಿಂದ ಕೆಮ್ಮು, ಬಳಿ ಸಪ್ಪಳ.

ಮೂಲ್ಯಾಗ ಸೈಕಲ್ ನಿಂತಿತು.
"ಯಾರದಾರ್ರಿ ಅಲ್ಲೆ?" ಅಂದ ಚಮನಸಾಬ, ಕತ್ತಲಾಗ.

ಯಾವ ಶಬ್ದ ಹೇಳ್ಬೇಕೋ ತಿಳೀಲಿಲ್ಲ.
"ಅದೇವಿ," ಅಂದೆ.